ಕಲಿಯುವುದಕ್ಕೂ ಪಗಾರದ ರಜೆ ಬೇಕು

ಕಳೆದ ತಿಂಗಳು ನಮ್ಮ ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು, ಮಡಚಿದ ನಾಲ್ಕು ಪುಟಗಳ ಒಂದು ಹಾಳೆಯನ್ನು ನಮ್ಮ ಮೇಜಿನ ಮೇಲಿಟ್ಟರು. ಅವರು ಮುಂಬಯಿಯ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿರುವವರು. ಹಾಳೆ ಆ ಕಾಲೇಜಿನ ಸಿಬ್ಬಂದಿಯ ವಾರ್ತಾಪತ್ರ. ಯಾವ ಅಧ್ಯಾಪಕರಿಗೆ ಡಾಕ್ಟರೇಟ್ ದೊರೆಯಿತು, ಯಾರಿಗೆ ಬಡ್ತಿಯಾಯಿತು, ಯಾರು ಮೂರು ವಾರದ ಪುನಶ್ಚೇತನ ಶಿಬಿರಕ್ಕೆ ಹೋಗಿಬಂದರು, ಗ್ರಂಥಾಲಯದ ಯಾವ ಗುಮಾಸ್ತರು ಕಂಪ್ಯೂಟರ್ ತರಬೇತಿ ಮುಗಿಸಿದರು, ಮುಂದಿನ ತಿಂಗಳು ಯಾವ ಯಾವ ತರಬೇತಿಗಳಿವೆ, ಅರ್ಜಿಯನ್ನು ಯಾರಿಗೆ ಕೊಡಬೇಕು, ಇವೆಲ್ಲ ಅದರಲ್ಲಿ ಇದ್ದವು. ಕೊನೆಯ ಪುಟದಲ್ಲಿ ನಿವೃತ್ತರಾದ ಒಬ್ಬ ಜವಾನರ ಬೀಳ್ಕೊಡುಗೆಯ ಚಿತ್ರವೂ ಇತ್ತು.

“ಆ ಸಮಾರಂಭಕ್ಕೆ ನೂರೈವತ್ತು ಜನರ ತಿಂಡಿ ಮಾಡಿದವನು ನಾನು. ಇದರಲ್ಲಿ ನಮ್ಮ ಸುದ್ದಿ ಎಲ್ಲಿದೆ, ಹೇಳಿ” ಎಂದು ಅವರು ಕೇಳಿದರು.

ಅವರು ನಗುತ್ತಲೇ ಕೇಳಿದರು. ಆದರೆ ನಮಗೆ ನಗು ಬರಲಿಲ್ಲ. ಕ್ಯಾಂಟೀನು ಗುತ್ತಿಗೆಯದು, ಅಲ್ಲಿ ದುಡಿಯುವವರ ಹೆಸರು ಕಾಲೇಜಿನ ಸಿಬ್ಬಂದಿಯ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಬಡ್ತಿಯಿಲ್ಲ, ತರಬೇತಿಯಿಲ್ಲ, ಬೀಳ್ಕೊಡುಗೆಯೂ ಇಲ್ಲ. ಅವನು ಊರಿಗೆ ಹೋದ ದಿನವೇ ಇನ್ನೊಬ್ಬ ಬಂದು ಅದೇ ಕಾವಲಿಯ ಮುಂದೆ ನಿಲ್ಲುತ್ತಾನೆ. ಆ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ನಮ್ಮ ಎಲ್ಲ ಕಾರ್ಮಿಕ ಬಂಧುಗಳ ಮುಂದೆ ಇಡಬೇಕೆಂದು ನಾವು ನಿಶ್ಚಯಿಸಿದ್ದೇವೆ.

ಮೊದಲಿಗೇ ಒಂದು ಮಾತು. ಅಧ್ಯಾಪಕರಿಗೆ ದೊರೆತ ಸವಲತ್ತಿನ ಬಗ್ಗೆ ನಮಗೆ ಅಸೂಯೆಯಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, 1987ರಿಂದ ಮೊದಲ್ಗೊಂಡು ವಿಶ್ವವಿದ್ಯಾಲಯ ಅನುದಾನ ಆಯೋಗವು ಅಧ್ಯಾಪಕರಿಗೆಂದೇ ‘ಅಕಾಡೆಮಿಕ್ ಸ್ಟಾಫ್ ಕಾಲೇಜು’ಗಳನ್ನು ಸ್ಥಾಪಿಸಿತು. ಅವುಗಳ ಹೆಸರು ಒಂದೆರಡು ಸಲ ಬದಲಾಗಿದೆ. ಈಗ ಮಾಳವೀಯರ ಹೆಸರಿನಲ್ಲಿ ನಡೆಯುತ್ತಿವೆ. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಸುಮಾರು ನಾಲ್ಕು ವಾರದ ಶಿಬಿರ, ಹಳಬರಿಗೆ ಸುಮಾರು ಮೂರು ವಾರದ ಪುನಶ್ಚೇತನ ಶಿಬಿರ, ಇದು ಬಹುಕಾಲ ನಡೆದು ಬಂದ ಪದ್ಧತಿ. ಹೋದ ದಿನಗಳು ಕೆಲಸದ ದಿನಗಳೆಂದೇ ಲೆಕ್ಕ, ಪಗಾರ ಕಡಿತವಿಲ್ಲ. ಹೋಗಿಬಂದವರಿಗೆ ಅದು ಬಡ್ತಿಗೆ ಆಧಾರ. ಹೆಚ್ಚಿನ ವ್ಯಾಸಂಗಕ್ಕೆ ಪಗಾರಸಹಿತ ಅಧ್ಯಯನ ರಜೆಯೂ ಉಂಟು. ಕಲಿಸುವವನು ಕಲಿಯುತ್ತಲೇ ಇರಬೇಕು, ಹಾಗೆ ಕಲಿಯಲು ಅವನಿಗೆ ಸಮಯ ಕೊಡಬೇಕಾದುದು ಸಂಸ್ಥೆಯ ಹೊಣೆ ಎಂಬ ತತ್ವ ಇದರ ಹಿಂದಿದೆ. ಇದು ಒಳ್ಳೆಯ ತತ್ವ. ಈ ತತ್ವ ಕಾಲೇಜಿನ ತರಗತಿಯ ಬಾಗಿಲಿಗೆ ಬಂದು ಏಕೆ ನಿಂತುಬಿಡುತ್ತದೆ, ಅಡಿಗೆಮನೆಯ ಬಾಗಿಲನ್ನು ಏಕೆ ದಾಟುವುದಿಲ್ಲ ಎಂಬುದಷ್ಟೇ ನಮ್ಮ ಪ್ರಶ್ನೆ.

ಹೊಟೇಲು ಕಾರ್ಮಿಕನು ಕಲಿಯುವುದಿಲ್ಲವೆಂದು ಯಾರು ಹೇಳಿಯಾರು? ಊರಿನಿಂದ ಬಂದವನು ಮೊದಲು ಮೋರಿಯ ಹತ್ತಿರ ಕಪ್ಪು-ಬಸಿ ತೊಳೆಯುತ್ತಾನೆ. ಆಮೇಲೆ ಟೇಬಲು ಒರೆಸುತ್ತಾನೆ, ಬಳಿಕ ಸಪ್ಲಾಯರ್ ಆಗುತ್ತಾನೆ, ಕೈಚಳಕವಿದ್ದರೆ ಒಳಗೆ ಹೋಗಿ ಹಿಟ್ಟಿನ ಹದ ಕಲಿಯುತ್ತಾನೆ. ಮಳೆಗಾಲದಲ್ಲಿ ಹಿಟ್ಟು ಎಷ್ಟು ಹೊತ್ತಿಗೆ ಹುಳಿಯಾಗುತ್ತದೆ, ಬೇಸಗೆಯಲ್ಲಿ ಎಷ್ಟು ಹೊತ್ತಿಗೆ ಎಂಬುದನ್ನು ಅವನು ಯಾವ ಪುಸ್ತಕದಲ್ಲಿಯೂ ಓದಿದವನಲ್ಲ. ಇಡ್ಲಿ-ದೋಸೆಯ ಹೊಟೇಲಿಗೆ ಪಂಜಾಬಿ ಊಟ ಬಂತು, ಅದನ್ನು ಕಲಿತ. ಚೈನೀಸ್ ಬಂತು, ಅದನ್ನೂ ಕಲಿತ. ಗಲ್ಲೆಯ ಮೇಲೆ ಬಿಲ್ಲಿನ ಯಂತ್ರ ಬಂತು, ಮೊಬೈಲಿನಲ್ಲಿ ಹಣ ಬರುವ ಕಾಲ ಬಂತು, ಮನೆಗಳಿಗೆ ಪೊಟ್ಟಣ ಕಳುಹಿಸುವ ಆರ್ಡರುಗಳು ಬಂದವು, ಎಲ್ಲವನ್ನೂ ಕಲಿತ. ಗಿರಾಕಿಗೆ ಬೇಕಾದ ಮರಾಠಿ, ಹಿಂದಿ, ಗುಜರಾತಿಯನ್ನೂ ಕಲಿತ. ಇಷ್ಟನ್ನು ಕಲಿಯಲು ಅವನಿಗೆ ಒಂದು ದಿನದ ರಜೆಯನ್ನೂ ಯಾರೂ ಕೊಟ್ಟಿಲ್ಲ; ಕಲಿತನೆಂದು ಒಂದು ಚೀಟಿಯನ್ನೂ ಕೊಟ್ಟಿಲ್ಲ.

ಚೀಟಿಯಿಲ್ಲದ ವಿದ್ಯೆಗೆ ಈ ಕಾಲದಲ್ಲಿ ಬೆಲೆ ಎಷ್ಟೆಂಬುದನ್ನು ನಾವು ದಿನವೂ ಕಾಣುತ್ತೇವೆ. ಇಪ್ಪತ್ತು ವರ್ಷ ಕಾವಲಿಯ ಮುಂದೆ ನಿಂತ ನಮ್ಮ ಹಿರಿಯರೊಬ್ಬರು, ಹೊಟೇಲು ದೊಡ್ಡದಾಗಿ ಸುಪರ್‌ವೈಸರ್ ಹುದ್ದೆ ಖಾಲಿಯಾದಾಗ ಅದು ತಮಗೇ ಸಿಗುತ್ತದೆಂದು ನಂಬಿದ್ದರು. ಕೆಟರಿಂಗ್ ಡಿಪ್ಲೊಮಾ ಪಡೆದ ಇಪ್ಪತ್ತೆರಡರ ಹುಡುಗನೊಬ್ಬ ಆ ಕುರ್ಚಿಗೆ ಬಂದ. ಆ ಹುಡುಗನ ತಪ್ಪೇನೂ ಇಲ್ಲ, ಅವನು ಓದಿ ಬಂದವನು. ಆದರೆ ಮೊದಲ ಆರು ತಿಂಗಳು ಅವನಿಗೆ ಒಳಗಿನ ಕೆಲಸ ಹೇಳಿಕೊಟ್ಟವರು ನಮ್ಮ ಹಿರಿಯರೇ. ಅವನ ಪಗಾರ ಅವರದಕ್ಕಿಂತ ಹೆಚ್ಚು. ಇದರಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ವಾಚಕರೇ ಯೋಚಿಸಲಿ.

ನಮ್ಮ ಗಿರಣಿಯ ಬಂಧುಗಳಿಗೆ ಈ ಪಾಠ ಹೊಸದಲ್ಲ. ಅವರು ಇದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. ಈ ನಗರದಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಪ್ರಾರಂಭವಾದದ್ದು 1887ರಲ್ಲಿ. ಗಿರಣಿಗಳಿಗೆ ಬೇಕಾದ ತಾಂತ್ರಿಕ ಜನರನ್ನು ತಯಾರಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. 1923ರಲ್ಲಿ ಅದು ಮಾಟುಂಗಕ್ಕೆ ಬಂತು. ಇಂದು ವೀರಮಾತಾ ಜೀಜಾಬಾಯಿಯ ಹೆಸರಿನಲ್ಲಿದೆ. ಅಲ್ಲಿ ಓದಿದವರು ಗಿರಣಿಯಲ್ಲಿ ಮಾಸ್ತರರಾಗಿ, ಅಧಿಕಾರಿಗಳಾಗಿ ಕುಳಿತರು. ಮಗ್ಗದ ಮುಂದೆ ನಿಂತವನು ಪಕ್ಕದವನನ್ನು ನೋಡಿ ಕಲಿತ, ಮುಕಾದಮನ ಬೈಗುಳ ತಿಂದು ಕಲಿತ. ಕೈಯಲ್ಲಿ ವಿದ್ಯೆಯಿತ್ತು, ಕಾಗದವಿರಲಿಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನಾಯಕತ್ವದಲ್ಲಿ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಬಳಿಕ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಕಾಗದವಿದ್ದವರು ಬೇರೆ ಊರಿನ, ಬೇರೆ ಕಾರಖಾನೆಯ ಬಾಗಿಲು ತಟ್ಟಿದರು. ಕೈವಿದ್ಯೆ ಮಾತ್ರ ಇದ್ದವರು ಕಾವಲುಗಾರರಾದರು, ತರಕಾರಿ ಮಾರಿದರು, ಕೆಲವರು ಊರ ಬಸ್ಸು ಹತ್ತಿದರು. ಪರೇಲು, ಲಾಲಬಾಗದ ಚಾಳುಗಳಲ್ಲಿ ಇರುವ ನಮ್ಮ ನಿವೃತ್ತ ಹಿರಿಯರನ್ನು ಕೇಳಿದರೆ ಇದರ ಕಥೆಯನ್ನು ಅವರು ನಮಗಿಂತ ಚೆನ್ನಾಗಿ ಹೇಳುತ್ತಾರೆ. ಗಿರಣಿ ಮುಚ್ಚಿದ್ದು ಕಾರ್ಮಿಕನಿಗೆ ಕಾಗದವಿಲ್ಲದ್ದರಿಂದ ಅಲ್ಲ. ಆದರೆ ಮುಚ್ಚಿದ ಮೇಲೆ ಅವನು ಬೀದಿಗೆ ಬೀಳಲು ಅದೂ ಒಂದು ಕಾರಣವಾಯಿತೆಂಬುದರಲ್ಲಿ ಸಂಶಯವಿಲ್ಲ.

ಹೊಟೇಲು ಉದ್ಯಮಕ್ಕೆ ಅಂಥ ದಿನ ಬರುವುದು ಬೇಡ. ಬಂದರೂ ನಮ್ಮ ಜನ ಬರಿಗೈಯಲ್ಲಿ ನಿಲ್ಲಬಾರದು. ಆದ್ದರಿಂದ ಯಾವ ಬಾಗಿಲುಗಳು ತೆರೆದಿವೆ ಎಂಬುದನ್ನು ತಿಳಿಸುವುದು ನಮ್ಮ ಕರ್ತವ್ಯ.

ಮಾಟುಂಗದಿಂದ ದೂರವಿಲ್ಲದ ದಾದರಿನಲ್ಲಿ, ವೀರ ಸಾವರಕರ ಮಾರ್ಗದಲ್ಲಿ, ಹೊಟೇಲು ವಿದ್ಯೆಯ ಕಾಲೇಜೊಂದಿದೆ. ನಮ್ಮ ಜನ ಅದನ್ನು ‘ದಾದರ್ ಕೆಟರಿಂಗ್ ಕಾಲೇಜು’ ಎನ್ನುತ್ತಾರೆ. ಲೀಲಾವತಿ ಮುನ್ಶಿಯವರ ಮುಂದಾಳುತನದಲ್ಲಿ 1954ರಲ್ಲಿ ಆರಂಭವಾದ ಸಂಸ್ಥೆ ಅದು. ಈ ಬಗೆಯ ಕಾಲೇಜುಗಳಲ್ಲಿ ನಮ್ಮ ದೇಶಕ್ಕೇ ಮೊದಲನೆಯದು. ಅದರ ಮುಂದೆ ಬಸ್ಸಿನಲ್ಲಿ ಹೋಗುವ ನಮ್ಮವರು ಸಾವಿರಾರು ಜನ. ಒಳಗೆ ಹೋಗಿ ವಿಚಾರಿಸಿದವರು ಎಷ್ಟು ಜನ? ಅಲ್ಲಿಯ ಮೂರು ವರ್ಷದ ಪದವಿಗೆ ಹನ್ನೆರಡನೆಯ ತರಗತಿ ಮುಗಿಸಿ ಪ್ರವೇಶ ಪರೀಕ್ಷೆ ಕೊಡಬೇಕು. ಅದು ನಮ್ಮ ಮಕ್ಕಳ ಬಾಗಿಲು; ಮಕ್ಕಳಿರುವವರು ಈಗಲೇ ಮನಸ್ಸಿನಲ್ಲಿಟ್ಟುಕೊಳ್ಳಲಿ. ಇಂಥ ಸರಕಾರಿ ಸಂಸ್ಥೆಗಳಲ್ಲಿ ಹತ್ತನೆಯ ತರಗತಿ ಪಾಸಾದವರಿಗೆ ಅಡಿಗೆ ವಿದ್ಯೆಯ ಒಂದೂವರೆ ವರ್ಷದ ಶಿಕ್ಷಣ ಕೊಡುವ ವ್ಯವಸ್ಥೆಯೂ ಉಂಟು. ಕಡಿಮೆ ಓದಿದವರಿಗಾಗಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2009ರಲ್ಲಿ ‘ಹುನರ್ ಸೆ ರೋಜ್‌ಗಾರ್ ತಕ್’ ಎಂಬ ಯೋಜನೆ ತಂದು, ಎಂಟನೆಯ ತರಗತಿ ಓದಿದ ತರುಣರಿಗೆ ಕೆಲವು ವಾರಗಳ ಉಚಿತ ತರಬೇತಿಯನ್ನು ಇಂಥ ಕಾಲೇಜುಗಳ ಮೂಲಕವೇ ಕೊಡಿಸಿತು. ಯಾವ ತರಗತಿ ಯಾವ ತಿಂಗಳು, ವಯಸ್ಸಿನ ಮಿತಿ ಎಷ್ಟು ಎಂಬುದನ್ನು ಕಾಲೇಜಿನ ಕಚೇರಿಯಲ್ಲಿಯೇ ಕೇಳಿ ತಿಳಿಯತಕ್ಕದ್ದು. ಮಧ್ಯಸ್ಥರನ್ನು ನಂಬಬೇಡಿ.

ವಯಸ್ಸು ದಾಟಿದವರು ನಿರಾಶರಾಗಬೇಕಾಗಿಲ್ಲ. ಕೆಲಸ ಮಾಡುತ್ತಲೇ ಕಲಿತವನನ್ನು ಪರೀಕ್ಷಿಸಿ ಅವನ ವಿದ್ಯೆಗೆ ಪ್ರಮಾಣಪತ್ರ ಕೊಡುವ ಕ್ರಮವನ್ನು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯೊಳಗೆ ಸೇರಿಸಿದ್ದಾರೆ. ಈ ಯೋಜನೆ ಆರಂಭವಾದದ್ದು 2015ರಲ್ಲಿ. ಇಲ್ಲಿ ಮೊದಲಿನಿಂದ ಓದಬೇಕಾಗಿಲ್ಲ. ಬಲ್ಲದ್ದನ್ನು ಮಾಡಿ ತೋರಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಇಪ್ಪತ್ತು ವರ್ಷದ ಕಾವಲಿಯ ವಿದ್ಯೆಗೆ ಚೀಟಿ ಸಿಗುವ ದಾರಿ ಇದು.

ಇನ್ನೊಂದು ಬಾಗಿಲು ಬಹಳ ಹತ್ತಿರದಲ್ಲಿದೆ, ಆದರೆ ನಮ್ಮವರಿಗೆ ಕಾಣುತ್ತಿಲ್ಲ. ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರವು 2017ರಿಂದ ‘ಫೊಸ್ಟ್ಯಾಕ್’ ಎಂಬ ತರಬೇತಿಯನ್ನು ನಡೆಸುತ್ತಿದೆ. ಪರವಾನಗಿ ಪಡೆದ ಆಹಾರ ಉದ್ಯಮದಲ್ಲಿ ಪ್ರತಿ ಇಪ್ಪತ್ತೈದು ಕೆಲಸಗಾರರಿಗೆ ಒಬ್ಬನಾದರೂ ತರಬೇತಿ ಪಡೆದ ಆಹಾರ ಸುರಕ್ಷತಾ ಮೇಲ್ವಿಚಾರಕ ಇರಬೇಕೆಂಬುದು ಅದರ ನಿಯಮ. ತರಬೇತಿ ಒಂದು ದಿನದೊಳಗಿನದು. ಅನೇಕ ಹೊಟೇಲುಗಳಲ್ಲಿ ಈ ಪತ್ರ ಗಲ್ಲೆಯಲ್ಲಿ ಕುಳಿತ ಮಾಲಕರ ಸೋದರಳಿಯನ ಹೆಸರಿನಲ್ಲಿ ಇರುತ್ತದೆ. ಅವನು ಅಡಿಗೆಮನೆಗೆ ಕಾಲಿಟ್ಟದ್ದು ದೀಪಾವಳಿಯ ಪೂಜೆಗೆ ಮಾತ್ರ. ಒಳಗೆ ನೀರು, ಎಣ್ಣೆ, ತರಕಾರಿ, ತಂಪುಪೆಟ್ಟಿಗೆಗಳನ್ನು ದಿನವೂ ನೋಡಿಕೊಳ್ಳುವವನು ಕಾರ್ಮಿಕ. ಆ ಪತ್ರ ಅವನ ಹೆಸರಿನಲ್ಲಿರುವುದೇ ನ್ಯಾಯ. ಗಿರಾಕಿಯ ಆರೋಗ್ಯಕ್ಕೂ ಅದೇ ಕ್ಷೇಮ.

ಇವೆಲ್ಲಕ್ಕೂ ಅಡಿಪಾಯ ಶಾಲೆ. ಏಳನೆಯದಕ್ಕೋ ಎಂಟನೆಯದಕ್ಕೋ ಪುಸ್ತಕ ಕಟ್ಟಿಟ್ಟು ಮುಂಬಯಿಗೆ ಬಂದವರು ನಮ್ಮಲ್ಲಿ ಅಸಂಖ್ಯ; ಇದನ್ನು ಬರೆಯುತ್ತಿರುವ ನಾವೂ ಅವರಲ್ಲಿ ಒಬ್ಬರು. ಮುಂಬಯಿಯ ಕನ್ನಡಿಗರ ಬಾಳಿನಲ್ಲಿ ರಾತ್ರಿ ಶಾಲೆಗಳ ಸ್ಥಾನವೇನೆಂದು ಹೇಳಬೇಕಾಗಿಲ್ಲ. ಮೊಗವೀರ ಬಂಧುಗಳು 1908ರಷ್ಟು ಹಿಂದೆಯೇ ಉಚಿತ ರಾತ್ರಿ ಶಾಲೆಯನ್ನು ತೆರೆದರು; ಬೇರೆ ಸಂಘಗಳೂ ಆ ದಾರಿ ಹಿಡಿದವು. ಹಗಲು ಲೋಟ ತೊಳೆದು ರಾತ್ರಿ ಅಕ್ಷರ ತಿದ್ದಿದವರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಹೊಟೇಲಿನ ಮಾಲಕರೂ ಆದರು. ದುಡಿಯುವವನಿಗೂ ಕಾಲೇಜಿನ ಮೆಟ್ಟಿಲು ಸಿಗಬೇಕೆಂದು ಡಾ. ಅಂಬೇಡ್ಕರರು 1946ರಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದಾಗ, ನೌಕರಿಯಲ್ಲಿ ಇರುವವರು ಬಂದು ಹೋಗುವಂತೆ ಬೆಳಗಿನ ತರಗತಿಗಳನ್ನು ಇಟ್ಟರು. ಕಾಲೇಜು ಕಾರ್ಮಿಕನ ಗಡಿಯಾರವನ್ನು ನೋಡಿ ತನ್ನ ಗಂಟೆ ಬಾರಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಇಂದು ರಾತ್ರಿ ಶಾಲೆಗಳಲ್ಲಿ ಬೆಂಚುಗಳು ಖಾಲಿಯಾಗುತ್ತಿವೆ. ಹದಿನಾಲ್ಕರೊಳಗಿನ ಮಕ್ಕಳು ದುಡಿಯಬಾರದೆಂಬ ಕಾನೂನು ಬಂದದ್ದು ಒಳ್ಳೆಯದೇ ಆಯಿತು. ಆದರೆ ಅರ್ಧಕ್ಕೆ ಓದು ಬಿಟ್ಟು ಬಂದ ದೊಡ್ಡವರು ಆ ಬೆಂಚುಗಳಿಗೆ ಹೋಗುತ್ತಿಲ್ಲ. ಶಾಲೆಗೆ ಹೋಗಲಾಗದವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆ ಇದೆ. ಹದಿನಾಲ್ಕು ತುಂಬಿದ ಯಾರೇ ಆಗಲಿ ಹತ್ತನೆಯದಕ್ಕೆ ಹೆಸರು ಕೊಡಬಹುದು. ಐದು ವರ್ಷದೊಳಗೆ ಒಂದೊಂದೇ ವಿಷಯವಾಗಿ ಪಾಸು ಮಾಡಬಹುದು.

ಬಾಗಿಲುಗಳು ಇಷ್ಟಿದ್ದೂ ನಮ್ಮವರು ಹೊರಗೇ ನಿಂತಿರುವುದೇಕೆ? ಸೋಮಾರಿತನವೇ? ಸ್ವಲ್ಪಮಟ್ಟಿಗೆ ಹೌದು, ಅದನ್ನು ಮುಂದೆ ಹೇಳುತ್ತೇವೆ. ಮುಖ್ಯ ಕಾರಣ ಮಾತ್ರ ಸಮಯ. ಬೆಳಗ್ಗೆ ಆರಕ್ಕೆ ಶಟರ್ ಎತ್ತುವವನು ರಾತ್ರಿ ಹನ್ನೊಂದಕ್ಕೆ ಇಳಿಸುತ್ತಾನೆ. ನಡುವೆ ಮಧ್ಯಾಹ್ನದ ಎರಡು ಮೂರು ಗಂಟೆ ಬಿಡುವು, ಅದು ನಿದ್ದೆಗೆ. ಒಂದು ದಿನ ತರಬೇತಿಗೆ ಹೋದರೆ ಒಂದು ದಿನದ ಪಗಾರ ಹೋಯಿತು. ಊರಿಗೆ ಹಣ ಕಳಿಸುವವನು ಆ ಒಂದು ದಿನವನ್ನು ಬಿಟ್ಟುಕೊಡಲಾರ. ಅಧ್ಯಾಪಕರಿಗೆ ದೊರೆತದ್ದು ಮತ್ತು ನಮಗೆ ದೊರೆಯದಿರುವುದು ಈ ಒಂದೇ ವಸ್ತು: ಪಗಾರ ಕಡಿತವಿಲ್ಲದೆ ಕಲಿಯುವ ದಿನ.

ಇದು ಅತಿಯಾಸೆಯ ಬೇಡಿಕೆಯೆಂದು ಯಾರಾದರೂ ಹೇಳಿದರೆ, ಅವರು ಇತಿಹಾಸವನ್ನು ಓದಲಿ. ಗಿರಣಿ ಕಾರ್ಮಿಕನಿಗೆ ಭಾನುವಾರದ ರಜೆ ಕೂಡ ಒಂದು ಕಾಲದಲ್ಲಿ ಅತಿಯಾಸೆಯೇ ಆಗಿತ್ತು. ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿ ಸಂಘ ಕಟ್ಟಿದರು, ಮನವಿಗಳನ್ನು ಬರೆದರು, ಸಭೆಗಳನ್ನು ನಡೆಸಿದರು. 1890ರಲ್ಲಿ ಆ ರಜೆ ದೊರೆಯಿತು. ಇನ್ನು ಕಲಿಕೆಯ ರಜೆಯ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1974ರಲ್ಲಿಯೇ, ಕಾರ್ಮಿಕರಿಗೆ ಪಗಾರಸಹಿತ ಶಿಕ್ಷಣ ರಜೆ ದೊರೆಯಬೇಕೆಂದು ಜಿನೀವಾದಲ್ಲಿ ಒಡಂಬಡಿಕೆ ಮಾಡಿತು. ಅದು 140ನೆಯ ಒಡಂಬಡಿಕೆ. ನಮ್ಮ ದೇಶ ಅದಕ್ಕೆ ಒಪ್ಪಿಗೆ ಹಾಕಿಲ್ಲ. ಸರಕಾರ ಸಹಿ ಹಾಕುವ ತನಕ ನಾವು ಕೈಕಟ್ಟಿ ಕೂರಬೇಕೆಂದಿಲ್ಲ. ಮಾಲಕರ ಜೊತೆಗಿನ ಕರಾರಿನಲ್ಲಿಯೇ ಅದನ್ನು ಬರೆಯಿಸಬಹುದು.

ಆದ್ದರಿಂದ ಮುಂದಿನ ಮಾತುಕತೆಯಲ್ಲಿ ಪಗಾರ, ಬೋನಸ್ಸುಗಳ ಜೊತೆಗೆ ಈ ನಾಲ್ಕು ಅಂಶಗಳನ್ನೂ ಇಡಬೇಕೆಂದು ನಾವು ಸೂಚಿಸುತ್ತೇವೆ. ಒಂದನೆಯದಾಗಿ, ವರ್ಷಕ್ಕೆ ಆರು ದಿನ ಪಗಾರಸಹಿತ ಕಲಿಕೆಯ ರಜೆ. ಎರಡನೆಯದಾಗಿ, ರಾತ್ರಿ ಶಾಲೆಗೆ ಹೋಗುವವನ ಪಾಳಿ ಸಂಜೆ ಆರಕ್ಕೆ ಮುಗಿಯಬೇಕು. ಪರೀಕ್ಷೆಯ ದಿನಗಳಲ್ಲಿ ರಜೆ ಇರಬೇಕು. ಮೂರನೆಯದಾಗಿ, ಪ್ರಮಾಣಪತ್ರ ತಂದವನಿಗೆ ಪಗಾರದಲ್ಲಿ ಏರಿಕೆ. ಮೇಲಿನ ಹುದ್ದೆ ಖಾಲಿಯಾದರೆ ಒಳಗಿನವನನ್ನೇ ಮೊದಲು ಕೇಳಬೇಕು. ನಾಲ್ಕನೆಯದಾಗಿ, ಎಲ್ಲರಿಗೂ ನೇಮಕಪತ್ರ ಮತ್ತು ಕೇಳಿದಾಗ ಅನುಭವಪತ್ರ. ಇವೆರಡೂ ಇಲ್ಲದೆ ಇಪ್ಪತ್ತು ವರ್ಷದ ದುಡಿಮೆಯನ್ನು ಯಾವ ಪರೀಕ್ಷಕನ ಮುಂದೆಯೂ ತೋರಿಸಲು ಆಗುವುದಿಲ್ಲ.

ಮಾಲಕರಿಗೂ ಎರಡು ಮಾತು. ನಿಮ್ಮಲ್ಲಿ ಹಲವರು ಮೋರಿಯಿಂದಲೇ ಗಲ್ಲೆಗೆ ಬಂದವರು. ರಾತ್ರಿ ಶಾಲೆಯ ಋಣ ನಿಮ್ಮ ಮೇಲೂ ಇದೆ. “ಆರು ದಿನ ಕೊಟ್ಟರೆ ಹೊಟೇಲು ನಡೆಯುವುದು ಹೇಗೆ?” ಎಂದು ಕೇಳುತ್ತೀರಿ. ಲೆಕ್ಕ ಹಾಕೋಣ. ಇಪ್ಪತ್ತು ಜನರ ಹೊಟೇಲಿನಲ್ಲಿ ಒಬ್ಬೊಬ್ಬನಿಗೆ 300 ದಿನದಂತೆ ವರ್ಷಕ್ಕೆ 6,000 ದುಡಿಮೆಯ ದಿನಗಳು. ಎಲ್ಲರೂ ಆರು ದಿನ ಹೋದರೂ 120. ನೂರಕ್ಕೆ ಎರಡು. ಅಷ್ಟು ಹಿಟ್ಟು ತಿಂಗಳಿಗೆ ನೆಲಕ್ಕೆ ಚೆಲ್ಲುತ್ತದೆ. “ಕಲಿತವನು ಬಿಟ್ಟು ಹೋಗುತ್ತಾನೆ” ಎಂಬುದು ಎರಡನೆಯ ಆಕ್ಷೇಪ. ಕೆಲವರು ಹೋಗಬಹುದು. ಆದರೆ ಮಳೆಗಾಲ ಬಂದರೆ ಊರಿಗೆ ಹೋದವನು ಮರಳಿ ಬರುವುದಿಲ್ಲವೆಂದು ನೀವು ಈಗಲೇ ಗೊಣಗುತ್ತಿದ್ದೀರಿ. ಮುಂದೆ ಏರುವ ಮೆಟ್ಟಿಲು ಕಾಣುವ ಕಡೆ ಮನುಷ್ಯ ನಿಲ್ಲುತ್ತಾನೆ. ಕಾಣದ ಕಡೆಯಿಂದ ಹೋಗುತ್ತಾನೆ.

ಕಾಲೇಜುಗಳಲ್ಲಿಯೂ ನಮ್ಮದೊಂದು ಅರಿಕೆ. ನಿಮ್ಮ ತರಬೇತಿಗಳನ್ನು ಹೊಟೇಲಿನ ಬಿಡುವಿನ ಹೊತ್ತಿಗೆ, ಮಧ್ಯಾಹ್ನ ಮೂರರಿಂದ ಆರರವರೆಗೆ, ಇಡಲು ಸಾಧ್ಯವೇ ನೋಡಿರಿ. ನಿಮ್ಮದೇ ಕ್ಯಾಂಟೀನಿನ ಕಾರ್ಮಿಕರಿಗೆ ಗ್ರಂಥಾಲಯದ ಒಂದು ಚೀಟಿ ಕೊಡಿರಿ. ಗುಮಾಸ್ತರಿಗೆ ಕಂಪ್ಯೂಟರ್ ಕಲಿಸುವ ದಿನ ಹಿಂದಿನ ಬೆಂಚಿನಲ್ಲಿ ಅವರಿಗೂ ಜಾಗ ಕೊಡಿರಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಕೊನೆಯದಾಗಿ ನಮ್ಮ ಬಂಧುಗಳಿಗೆ. ಮಾಲಕರನ್ನೂ ಸರಕಾರವನ್ನೂ ಬೈದು ಮುಗಿಸುವುದು ಸುಲಭ. ಹಿಂದಿನವರು ಬಿಡುವಿನಲ್ಲಿ ಇಸ್ಪೀಟು ಆಡಿ ಹೊತ್ತು ಕಳೆಯುತ್ತಾರೆಂದು ಹಿರಿಯರು ಗದರುತ್ತಿದ್ದರು. ಇಂದು ಇಸ್ಪೀಟಿನ ಜಾಗಕ್ಕೆ ಮೊಬೈಲು ಬಂದಿದೆ. ರಾತ್ರಿ ಹನ್ನೆರಡಕ್ಕೆ ಮಲಗಬೇಕಾದವನು ಎರಡರವರೆಗೆ ಅದನ್ನು ಉಜ್ಜುತ್ತಿರುತ್ತಾನೆ. ಅದರಲ್ಲಿ ದಿನಕ್ಕೆ ಅರ್ಧ ಗಂಟೆ ಓದಿಗೆ ಇಟ್ಟರೆ ಎರಡು ವರ್ಷದಲ್ಲಿ ಹತ್ತನೆಯದು ಮುಗಿಯದೆ ಇರದು. ರಜೆ ಗೆದ್ದು ತಂದ ಮೇಲೆ ಆ ಆರು ದಿನ ನಿದ್ದೆ ಮಾಡಿದರೆ, ಮುಂದಿನ ಸಲ ಕೇಳುವ ಬಾಯಿ ನಮಗೆ ಇರುವುದಿಲ್ಲ. ಇನ್ನೊಂದು ಎಚ್ಚರಿಕೆ: ಹಣ ಕೊಟ್ಟರೆ ಪರೀಕ್ಷೆಯಿಲ್ಲದೆ ಪ್ರಮಾಣಪತ್ರ ಕೊಡಿಸುತ್ತೇವೆಂದು ಬರುವವರಿಂದ ದೂರ ಇರಿ. ಆ ಕಾಗದ ಒಲೆಗೆ ಹಾಕಲಿಕ್ಕೂ ಪ್ರಯೋಜನವಿಲ್ಲ.

ಸಂಘದ ಪಾಲಿನ ಕೆಲಸವನ್ನೂ ಹೇಳುತ್ತೇವೆ. ಅರ್ಜಿಗಳು ಹೆಚ್ಚಾಗಿ ಇಂಗ್ಲಿಷು, ಹಿಂದಿಯಲ್ಲಿ ಇರುತ್ತವೆ. ಅವನ್ನು ತುಂಬಿಸಿಕೊಡಲು, ಪಾಠವನ್ನು ಕನ್ನಡದಲ್ಲಿ ವಿವರಿಸಲು ಕಾಲೇಜಿಗೆ ಹೋಗುವ ನಮ್ಮ ತರುಣ ತರುಣಿಯರು ಮುಂದೆ ಬರಬೇಕು. ಸಂಘದ ಕಚೇರಿಯ ಮೇಜು, ಬೆಂಚು, ದೀಪ ಅವರಿಗಾಗಿ ತೆರೆದಿರುತ್ತವೆ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ‘ನಮ್ಮವರ ಸುದ್ದಿ’ ಎಂಬ ಅಂಕಣ ಬರುತ್ತದೆ. ಯಾರು ರಾತ್ರಿ ಶಾಲೆಗೆ ಸೇರಿದರು, ಯಾರು ಪರೀಕ್ಷೆ ಪಾಸಾದರು, ಯಾರು ಸಪ್ಲಾಯರಿನಿಂದ ಕ್ಯಾಪ್ಟನ್ ಆದರು, ಯಾರು ನಲವತ್ತು ವರ್ಷ ದುಡಿದು ಊರಿಗೆ ಹೊರಟರು, ಎಲ್ಲವನ್ನೂ ಅದರಲ್ಲಿ ಅಚ್ಚು ಹಾಕುತ್ತೇವೆ. ಬರೆಯಲು ಬಾರದವರು ಬಂದು ಹೇಳಿದರೆ ಸಾಕು, ನಾವು ಬರೆದುಕೊಳ್ಳುತ್ತೇವೆ.

ಹಾಳೆ ತಂದುಕೊಟ್ಟ ಸದಸ್ಯರು ಮೊನ್ನೆ ಮತ್ತೆ ಬಂದಿದ್ದರು. ಮುಕ್ತ ಶಾಲೆಯ ಹತ್ತನೆಯ ತರಗತಿಗೆ ಹೆಸರು ಕೊಡಲು ಯಾವ ಯಾವ ಕಾಗದ ಬೇಕೆಂದು ಕೇಳಿಕೊಂಡು ಹೋದರು. ಅವರ ವಯಸ್ಸು ಮೂವತ್ತೆಂಟು. ಅಂಕಣದ ಮೊದಲ ಸುದ್ದಿ ಅವರದಾಗಲಿ, ಎರಡನೆಯದು ಈ ಸಂಪಾದಕೀಯವನ್ನು ಓದಿ ಮುಗಿಸಿದವರದಾಗಲಿ ಎಂದು ನಾವು ಹಾರೈಸುತ್ತೇವೆ.